ಬೀಗರ ಹಿಂದೆ ಇಪ್ಪತ್ತೊಂದು ಕಿಲೋಮೀಟರ್

ಹೊಸಕೋಟೆ ಕೆರೆ ಏರಿ

ವಿಯೆಟ್ನಾಮಿಗೆ ಹೋಗಿ ಬಂದವನಿಗೆ ನಮ್ಮ ಸಮೇತನಹಳ್ಳಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ, "ಅಲ್ಲಿ ಹಾವು ತಿಂತಾರಂತಲ್ಲ, ನಿಜವಾ ಮೇಷ್ಟ್ರೇ?" ಎಂಬುದು. ಎರಡನೆಯ ಪ್ರಶ್ನೆ ಕೇಳುವಾಗ ಮಾತ್ರ ಜನ ಸ್ವಲ್ಪ ಹತ್ತಿರ ಬರುತ್ತಾರೆ, ಹಲ್ಲು ಕಿರಿಯುತ್ತಾರೆ: "ಓಡಿ ಮುಗ್ಸಿದ್ರಾ, ಇಲ್ಲಾ ಈ ಸಲನೂ ವ್ಯಾನಾ?" ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾನು ಹಾವನ್ನು ನೋಡಲಿಲ್ಲ, ಯಾರೂ ಬಡಿಸಲೂ ಇಲ್ಲ. ಎರಡನೆಯದರ ಉತ್ತರ ಸ್ವಲ್ಪ ಉದ್ದ. ಅದನ್ನು ಬೀಗರಿಂದಲೇ ಶುರು ಮಾಡಬೇಕು.

ಬೀಗರು ಎಂದರೆ ನನ್ನ ಅಳಿಯ ಪ್ರದೀಪನ ತಂದೆ, ಜಡಿಗೇನಹಳ್ಳಿಯ ನಾರಾಯಣಸ್ವಾಮಿ. ಎರಡು ಎಕರೆಯಲ್ಲಿ ಗುಲಾಬಿ, ಉಳಿದ ಹೊಲದಲ್ಲಿ ರಾಗಿ, ಕೊಟ್ಟಿಗೆಯಲ್ಲಿ ಮೂರು ಹಸು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಮಗಳು ಚೈತ್ರಾಳ ಮದುವೆ ಮುಗಿದು, ಬೀಗರೂಟದ ಹೋಳಿಗೆ ಮತ್ತು ಮಟನ್ ಎರಡೂ ಇನ್ನೂ ಹೊಟ್ಟೆಯಲ್ಲಿ ಇದ್ದಾಗಲೇ, ತಾಲ್ಲೂಕಿನಲ್ಲಿ ನಡೆದ ಒಂದು ಆರೋಗ್ಯ ಶಿಬಿರಕ್ಕೆ ಇಬ್ಬರೂ ಹೋದೆವು. ಇಬ್ಬರಿಗೂ ಸಕ್ಕರೆ ಕಾಯಿಲೆ. ಜಾತಕ ಕೂಡಿಸುವಾಗ ಮಕ್ಕಳದ್ದು ನೋಡಿದ್ದರು, ನಮ್ಮಿಬ್ಬರದೂ ನೋಡಬೇಕಿತ್ತು ಅನ್ನಿಸಿತು. ಡಾಕ್ಟರು ನಡೆಯಿರಿ ಎಂದರು. ಅಂದಿನಿಂದ ಬೆಳಗಿನ ಜಾವ ಹೊಸಕೋಟೆ ಕೆರೆ ಏರಿಯ ಮೇಲೆ ಇಬ್ಬರೂ ನಡೆಯತೊಡಗಿದೆವು. ಆರು ತಿಂಗಳಲ್ಲಿ ನಡಿಗೆ ಓಟವಾಯಿತು. ಶೂ ಬಂತು, ಕೈಗೆ ಗಡಿಯಾರ ಬಂತು, ಮಾತಿನಲ್ಲಿ ಕಿಲೋಮೀಟರು ಬಂತು.

ಆದರೆ ಬೀಗರ ಜೊತೆ ಓಡುವುದೆಂದರೆ ಸುಮ್ಮನೆ ಓಡುವುದಲ್ಲ. ನಮ್ಮ ಕಡೆ ಹೆಣ್ಣು ಕೊಟ್ಟವನು ಗಂಡಿನ ಕಡೆಯವರಿಗಿಂತ ಮುಂದೆ ಕಾಲಿಡುವುದಿಲ್ಲ. ಊಟಕ್ಕೆ ಮೊದಲು ಅವರು ಕೂರಬೇಕು, ಕಾರಿನಲ್ಲಿ ಮುಂದಿನ ಸೀಟು ಅವರದು, ಫೋಟೊದಲ್ಲಿ ನಡುವಿನ ಜಾಗ ಅವರದು. ಹಾಗಾಗಿ ನಾನು ಯಾವಾಗಲೂ ಬೀಗರಿಗಿಂತ ಒಂದು ಹೆಜ್ಜೆ ಹಿಂದೆಯೇ ಓಡುತ್ತಿದ್ದೆ. ಅವರು ನಿಧಾನಿಸಿದರೆ ನಾನೂ ನಿಧಾನ. ಅವರು ಏರಿಯ ಮೇಲೆ ನಿಂತು ಪರಿಚಯದವರ ಹತ್ತಿರ ಹಸುವಿನ ವಿಚಾರ ಮಾತಾಡಿದರೆ ನಾನೂ ನಿಂತು ಹಸುವಿನ ವಿಚಾರ ಕೇಳುವುದು. ಮನಸ್ಸಿನಲ್ಲಿ ಮಾತ್ರ, "ಪಾಪ, ಬೀಗರಿಗೆ ಉಸಿರು ಸಾಲದು, ಅದಕ್ಕೇ ನಿಲ್ಲುತ್ತಾರೆ, ನಾನೊಬ್ಬನೇ ಆಗಿದ್ದರೆ ಈ ಹೊತ್ತಿಗೆ ಎಲ್ಲಿರುತ್ತಿದ್ದೆನೋ" ಎಂದುಕೊಳ್ಳುತ್ತಿದ್ದೆ. ಆ ಮಾತನ್ನು ಹೆಂಡತಿ ಸಾವಿತ್ರಿಯ ಹತ್ತಿರ ಜೋರಾಗಿಯೂ ಹೇಳಿದ್ದುಂಟು.

ಹೀಗೇ ಬೆಂಗಳೂರಿನ ಒಂದು ಹಾಫ್ ಮ್ಯಾರಥಾನಿಗೆ ಹೋದೆವು. ಇಪ್ಪತ್ತೊಂದು ಕಿಲೋಮೀಟರು, ಮೂರು ಗಂಟೆಯೊಳಗೆ ಮುಗಿಸಬೇಕು. ಹದಿನೇಳನೆಯ ಕಿಲೋಮೀಟರಿನಲ್ಲಿ ಒಂದು ಬಿಳಿ ವ್ಯಾನು ಬಂದು ಪಕ್ಕಕ್ಕೆ ನಿಂತಿತು. ಹೊತ್ತು ಮೀರುವ ಹಾಗಿದ್ದವರನ್ನೆಲ್ಲ ತುಂಬಿಕೊಂಡು ಹೋಗುವ ವ್ಯಾನು ಅದು. "ಹತ್ತಿ ಸಾರ್" ಎಂದರು, ಹತ್ತಿದೆವು. ವ್ಯಾನ್ ಇಳಿಯುವಾಗ ಊರಿನವರೊಬ್ಬರು ಸರಿಯಾಗಿ ಎದುರಿಗೇ ಸಿಕ್ಕರು. ಸಂಜೆಯ ಹೊತ್ತಿಗೆ ಎರಡೂ ಊರಿಗೆ ಸುದ್ದಿ ಮುಟ್ಟಿತ್ತು. ಮೊಬೈಲಿಗೆ ಬಂದ ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ "ಪೂರ್ಣಗೊಳಿಸಿಲ್ಲ" ಎಂದಿತ್ತು. ಮೂವತ್ತು ವರ್ಷ ಮಕ್ಕಳ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ಬರೆದವನಿಗೆ ಯಾರೋ ತಿರುಗಿ ಬರೆದ ಹಾಗಾಯಿತು. ನಗಬೇಡಿ, ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸಾವಿತ್ರಿ ಒಂದೇ ಮಾತು ಹೇಳಿದಳು. "ಇನ್ನೊಂದೇ ಒಂದು ಸಲ ನೋಡಿ. ಆಗ್ಲೂ ವ್ಯಾನಲ್ಲೇ ಬಂದ್ರೆ ಆ ಶೂ ಅಟ್ಟಕ್ಕೆ ಹಾಕ್ತೀನಿ, ಮಾನವಾಗಿ ನಡ್ಕೊಂಡು ಓಡಾಡಿ." ಬೀಗಿತ್ತಿ ಮುನಿರತ್ನಮ್ಮನವರೂ ಜಡಿಗೇನಹಳ್ಳಿಯಲ್ಲಿ ಅದೇ ತೀರ್ಪು ಕೊಟ್ಟಿದ್ದರಂತೆ. ಅಲ್ಲಿಗೆ ನಮಗೆ ಉಳಿದದ್ದು ಒಂದೇ ಓಟ.

ಪ್ರದೀಪ ಹೊಸಕೋಟೆಯಲ್ಲಿ ಪ್ರವಾಸದ ಏಜೆನ್ಸಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನೇ ಉಪಾಯ ಹುಡುಕಿದ. "ಇಲ್ಲಿ ಓಡಿದ್ರೆ ಎಲ್ರೂ ನೋಡ್ತಾರೆ ಮಾವ. ವಿಯೆಟ್ನಾಮಲ್ಲಿ ಕ್ವಿ ನ್ಯೋನ್ ಅಂತ ಸಮುದ್ರದ ಪಕ್ಕ ಒಂದೂರಿದೆ. ಅಲ್ಲಿ ಓಡಿ. ಗೆದ್ರೆ ಮೆಡಲ್ ತಂದು ತೋರ್ಸಿ, ಸೋತ್ರೆ ಬೀಚ್ ನೋಡ್ಕೊಂಡ್ ಬಂದ್ವಿ ಅನ್ನಿ." ಅಳಿಯ ಜಾಣ. ಯಾರನ್ನು ಹೋಲುತ್ತಾನೋ ಗೊತ್ತಿಲ್ಲ.

ದೇವನಹಳ್ಳಿ

ವಿಮಾನ ನಿಲ್ದಾಣ ಇರುವುದು ನಮ್ಮ ಜಿಲ್ಲೆಯಲ್ಲೇ. ಅದರ ಕಾಂಪೌಂಡಿನ ಪಕ್ಕದ ರಸ್ತೆಯಲ್ಲಿ ನೂರು ಸಲ ಓಡಾಡಿದ್ದೇನೆ. ಒಳಗೆ ಹೋದದ್ದು ಮಾತ್ರ ಅದೇ ಮೊದಲು.

ಬೀಗಿತ್ತಿ ಒಂದು ಚೀಲ ಕಟ್ಟಿ ಕೊಟ್ಟಿದ್ದರು. ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಪುಡಿ, ನಿಪ್ಪಟ್ಟು, ಮತ್ತೆ ಮೂರು ಗಿಟುಕು ಒಣಕೊಬ್ಬರಿ. ತಪಾಸಣೆಯ ಹುಡುಗಿ ಕೊಬ್ಬರಿಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಇದು ಬಿಡಲ್ಲ ಸಾರ್. ಎಣ್ಣೆ ಅಂಶ ಇರತ್ತೆ, ಬೆಂಕಿ ಹತ್ಕೊಳತ್ತೆ."

ಬೀಗರಿಗೆ ಆಶ್ಚರ್ಯ. "ಐವತ್ತೇಳು ವರ್ಷದಿಂದ ತಿಂತಿದೀನಮ್ಮ. ಒಂದು ದಿನಾನೂ ಹತ್ಕೊಂಡಿಲ್ಲ."

ಹುಡುಗಿ ನಗಲಿಲ್ಲ. ಕೊಬ್ಬರಿ ಅಲ್ಲೇ ಉಳಿಯಿತು. ಹಿಂದೆ ಸಾಲಿನಲ್ಲಿದ್ದವರು ಮಾತ್ರ ನಮ್ಮ ಹುಚ್ಚೆಳ್ಳು ಪುಡಿಯ ವಾಸನೆಗೆ ಮೂಗು ಅರಳಿಸುತ್ತ ನಿಂತಿದ್ದರು.

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ನನ್ನ ಚೀಟಿಗೆ ಬಂದಿತ್ತು. "ನೀವು ಕೂತ್ಕೊಳಿ ಬೀಗ್ರೇ" ಎಂದೆ. "ಛೆ ಛೆ, ನಿಮ್ದು, ನೀವು ಕೂತ್ಕೊಳಿ" ಎಂದರು. "ಚೆನ್ನಾಗಿರಲ್ಲ, ನೀವು." "ಮೇಷ್ಟ್ರು ನೀವು, ನೀವು." ಹಿಂದೆ ನಲವತ್ತು ಜನ ಪೆಟ್ಟಿಗೆ ಹಿಡಿದುಕೊಂಡು ನಿಂತುಬಿಟ್ಟಿದ್ದರು. ಕೊನೆಗೆ ಗಗನಸಖಿ ಬಂದು ಇಬ್ಬರನ್ನೂ ಭುಜ ಹಿಡಿದು ಕೂರಿಸಿದಳು. ಕಿಟಕಿ ಬೀಗರಿಗೆ ಸಿಕ್ಕಿತು. ವಿಮಾನ ಏರಿದ ಐದು ನಿಮಿಷಕ್ಕೆ ಅವರು ಕಿಟಕಿಯ ಮುಚ್ಚಳ ಎಳೆದು ಗೊರಕೆ ಹೊಡೆಯತೊಡಗಿದರು. ನಾನು ಸಮುದ್ರ ನೋಡಲಿಲ್ಲ.

ಹೋ ಚಿ ಮಿನ್ಹ್ ಸಿಟಿಯಲ್ಲಿ ವಿಮಾನ ಬದಲಿಸಿ, ಮಾರನೆಯ ದಿನ ಮಧ್ಯಾಹ್ನ ಕ್ವಿ ನ್ಯೋನ್ ತಲುಪಿದೆವು.

ಹ್ವಾ ಅವರ ಮನೆ

ನಾವು ಇಳಿದುಕೊಂಡದ್ದು ಹ್ವಾ ಎಂಬ ಹೆಂಗಸಿನ ಮನೆಯಲ್ಲಿ. ಕೆಳಗೆ ಆಕೆಯ ಕಾಫಿ ಅಂಗಡಿ, ಮೇಲೆ ಬಾಡಿಗೆಗೆ ಮೂರು ಕೋಣೆ. ನಲವತ್ತರ ಆಸುಪಾಸಿನ, ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಆಕೆಗೆ ಇಂಗ್ಲಿಷ್ ಬಾರದು, ಬೀಗರಿಗೂ ಬಾರದು, ಹಾಗಾಗಿ ಅವರಿಬ್ಬರಿಗೂ ಮೊದಲ ನಿಮಿಷದಿಂದಲೇ ಚೆನ್ನಾಗಿ ಹೊಂದಿಕೆಯಾಯಿತು. ನಾನು ಮೊಬೈಲಿನಲ್ಲಿ ಭಾಷಾಂತರದ ಆ್ಯಪ್ ಹಿಡಿದುಕೊಂಡು ನಡುವೆ ನಿಂತಿರುತ್ತಿದ್ದೆ.

ಬಾಗಿಲಲ್ಲೇ ಹ್ವಾ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ವಯಸ್ಸೆಷ್ಟು?"

ನಮ್ಮಲ್ಲಿ ಯಾವೂರು, ಯಾರ ಪೈಕಿ ಎಂದು ಕೇಳದೆ ನೀರು ಕೊಡುವುದಿಲ್ಲವಲ್ಲ, ಅವರಲ್ಲಿ ವಯಸ್ಸು ಕೇಳದೆ ಮಾತೇ ಶುರುವಾಗುವುದಿಲ್ಲ. ಎದುರಿನವರು ಹಿರಿಯರೋ ಕಿರಿಯರೋ ಗೊತ್ತಾಗದಿದ್ದರೆ ಏನೆಂದು ಕರೆಯಬೇಕು ತಿಳಿಯುವುದಿಲ್ಲವಂತೆ. ಅಪ್ಪನ ಸಾಲಿನವರಲ್ಲಿ ದೊಡ್ಡವನಿಗೆ ಬಾಕ್, ಚಿಕ್ಕವನಿಗೆ ಚೂ. ನಮ್ಮ ದೊಡ್ಡಪ್ಪ ಚಿಕ್ಕಪ್ಪನೇ ಸಮುದ್ರ ದಾಟಿ ಹೋಗಿ ಕೂತಿದ್ದಾರೆ. ನನಗೆ ಐವತ್ತೆಂಟು, ಬೀಗರಿಗೆ ಐವತ್ತೇಳು. ಹ್ವಾ ಕ್ಷಣವೂ ಯೋಚಿಸಲಿಲ್ಲ. ನನ್ನನ್ನು ತೋರಿಸಿ ಬಾಕ್ ಎಂದಳು, ಬೀಗರನ್ನು ತೋರಿಸಿ ಚೂ ಎಂದಳು. ಕಾಫಿಯ ಮೊದಲ ಲೋಟ ನನ್ನ ಮುಂದಿಟ್ಟಳು.

ನನಗೆ ಬೆವರು ಬಂತು. ಲೋಟವನ್ನು ಮೆಲ್ಲಗೆ ಬೀಗರ ಕಡೆ ಸರಿಸಿದೆ. ಹ್ವಾ ಅದನ್ನು ಎತ್ತಿ ಮತ್ತೆ ನನ್ನ ಮುಂದೆ ಇಟ್ಟಳು. ನಾನು ಸರಿಸಿದೆ, ಆಕೆ ಎತ್ತಿಟ್ಟಳು. ಬೀಗರು ಬಗ್ಗಿ ನನ್ನ ಕಿವಿಯಲ್ಲಿ, "ಕುಡೀರಿ ಬೀಗ್ರೇ, ಆಯಮ್ಮ ಹೊಡೆಯೋ ಹಂಗಿದಾಳೆ" ಎಂದರು.

ಕಾಫಿಯನ್ನು ಅವರು ಕಾಯಿಸಿ ಬೆರೆಸುವುದಿಲ್ಲ. ಲೋಟದ ಮೇಲೊಂದು ತಗಡಿನ ಚಿಕ್ಕ ಶೋಧಕ ಇಟ್ಟು ಬಿಡುತ್ತಾರೆ, ಅದು ಹನಿ ಹನಿಯಾಗಿ ಇಳಿಯುತ್ತದೆ. ನಮ್ಮ ಹೋಟೆಲಿನಲ್ಲಿ ಹೀಗೆ ಕೊಟ್ಟರೆ ಗಿರಾಕಿ ಎದ್ದು ಹೋಗುತ್ತಾನೆ. ಕೆಳಗೆ ಗಟ್ಟಿ ಸಿಹಿ ಹಾಲು ಒಂದು ಬೆರಳು ದಪ್ಪ. ಎರಡು ಸಕ್ಕರೆ ಕಾಯಿಲೆಗಳು ಅದನ್ನು ನೋಡುತ್ತ ಕೂತವು. ಹಾಲು ಬೇಡವೆಂದು ಕೈಸನ್ನೆ ಮಾಡಿದೆವು. ಬಂದ ಕರಿ ಕಾಫಿ ಕುಡಿದ ಮೇಲೆ ಬೀಗರು ಅರ್ಧ ಗಂಟೆ ಕಣ್ಣು ಮಿಟುಕಿಸಲಿಲ್ಲ.

ಆ ಊರಿನಲ್ಲಿ ಎಲ್ಲರೂ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಾರೆ. ಸ್ಟೂಲೋ, ನಮ್ಮ ಬಚ್ಚಲುಮನೆಯ ಮಣೆಗಿಂತ ಒಂದು ಗೇಣು ಎತ್ತರ. ತೊಂಬತ್ತು ವರ್ಷದ ಅಜ್ಜಿಯರು ಅದರ ಮೇಲೆ ಕೂತು, ಊಟ ಮಾಡಿ, ಕೈಯೂರದೆ ಏಳುತ್ತಾರೆ. ನಾವು ಅರ್ಧ ಮ್ಯಾರಥಾನ್ ಓಡಲು ಬಂದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು.

ಶನಿವಾರ

ಓಟ ಭಾನುವಾರ. ಹಿಂದಿನ ದಿನ ಎದೆಗೆ ಕಟ್ಟಿಕೊಳ್ಳುವ ನಂಬರು ತರಲು ಸಮುದ್ರದ ದಂಡೆಗೆ ಹೋಗಬೇಕಿತ್ತು. ನಡುವೆ ಒಂದು ರಸ್ತೆ ದಾಟಬೇಕು. ಅದನ್ನು ದಾಟಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು.

ಅಲ್ಲಿ ಸ್ಕೂಟರುಗಳು ನಿಲ್ಲುವುದಿಲ್ಲ. ನಮ್ಮಲ್ಲೂ ನಿಲ್ಲುವುದಿಲ್ಲ, ಆದರೆ ನಮ್ಮಲ್ಲಿ ಬೈಯುತ್ತವೆ, ಅದರಿಂದ ಧೈರ್ಯ ಬರುತ್ತದೆ. ಅಲ್ಲಿ ಯಾರೂ ಬೈಯದೆ, ಮುಖವನ್ನೂ ಸಿಂಡರಿಸದೆ, ಹೊಳೆಯ ಹಾಗೆ ಹರಿಯುತ್ತಲೇ ಇರುತ್ತಾರೆ. ಮೊದಲು ಕಾಲಿಡುವವರು ಯಾರು? "ನೀವು ಮೊದ್ಲು ಬೀಗ್ರೇ" ಎಂದೆ. ಈ ಸಲ ಮರ್ಯಾದೆಯ ಜೊತೆ ಸ್ವಲ್ಪ ಭಯವೂ ಸೇರಿತ್ತು. "ಇಲ್ಲಿ ನೀವೇ ದೊಡ್ಡೋರು, ಹ್ವಾ ಹೇಳಿಲ್ವಾ? ನೀವು ಮೊದ್ಲು" ಎಂದರು. ಕೊನೆಗೆ ತರಕಾರಿ ಬುಟ್ಟಿ ಹೊತ್ತ ಒಬ್ಬ ಮುದುಕಿ ನಮ್ಮ ಅವಸ್ಥೆ ನೋಡಿ ಬಂದು, ಒಂದೊಂದು ಕೈಯಲ್ಲಿ ಒಬ್ಬೊಬ್ಬರನ್ನು ಹಿಡಿದು, ಸ್ಕೂಟರುಗಳ ನಡುವೆ ಸೀದಾ ನಡೆಸಿಕೊಂಡು ಹೋಗಿ ಆಚೆ ದಡಕ್ಕೆ ಬಿಟ್ಟಳು. ಬೀಗರು ಆಕೆಗೆ ಕೈ ಮುಗಿದರು. ಆಕೆ ತಿರುಗಿಯೂ ನೋಡಲಿಲ್ಲ.

ಊರ ನಡುವೆ ಇಟ್ಟಿಗೆಯ ಎರಡು ಹಳೆಯ ಗೋಪುರಗಳಿವೆ. ಎಂಟುನೂರು ವರ್ಷದ ಹಿಂದೆ ಅಲ್ಲಿದ್ದ ಚಾಮ್ ಜನ ಕಟ್ಟಿದ ಶಿವನ ಗುಡಿಗಳಂತೆ. ಈಗ ಪೂಜೆಯಿಲ್ಲ, ಟಿಕೆಟ್ ಇದೆ. ಬೀಗರು ಬಾಗಿಲ ಹೊರಗೇ ಶೂ ಬಿಚ್ಚಿಟ್ಟು ಒಳಗೆ ಹೋದರು. ಕಾವಲಿನವನು ಗಾಬರಿಯಿಂದ ಶೂ ಹಿಡಿದುಕೊಂಡು ಹಿಂದೆಯೇ ಓಡಿದ. ಇವರು ಪ್ರದಕ್ಷಿಣೆ ಹಾಕುತ್ತ ಮುಂದೆ, ಅವನು ಶೂ ಹಿಡಿದು ಹಿಂದೆ. ಮೂರು ಸುತ್ತು ಮುಗಿದ ಮೇಲೆ ಅವನಿಗೆ ಏನನ್ನಿಸಿತೋ, ಶೂ ಕೆಳಗಿಟ್ಟು ತಾನೂ ತಲೆ ಬಾಗಿಸಿದ.

"ಏನ್ ಕೇಳ್ಕೊಂಡ್ರಿ?" ಎಂದೆ.

"ವ್ಯಾನ್ ಬೇಡಪ್ಪ ಶಿವನೇ ಅಂದೆ" ಎಂದರು. ನಾನೂ ಅದನ್ನೇ ಕೇಳಿಕೊಂಡಿದ್ದೆ.

ಅಂದು ಶನಿವಾರ, ಬೀಗರು ಮಾಂಸ ಮುಟ್ಟುವುದಿಲ್ಲ. ಇದನ್ನು ಹ್ವಾಗೆ ವಿವರಿಸಲು ಆ್ಯಪಿನ ಜೊತೆ ನಾನು ಹೆಣಗಿದೆ. ಆದರೆ ಆಕೆಗೆ ಅದು ವಿಚಿತ್ರವೇ ಅನ್ನಿಸಲಿಲ್ಲ. ಆಕೆಯೂ ಹುಣ್ಣಿಮೆ, ಅಮಾವಾಸ್ಯೆಗೆ ಮಾಂಸ ಮುಟ್ಟುವುದಿಲ್ಲವಂತೆ. ಅನ್ನ, ಹುರಿದ ಸೋಯಾ ಗಿಣ್ಣು, ಬಸಳೆಯಂಥ ಒಂದು ಸೊಪ್ಪಿನ ತಿಳಿಸಾರು ಬಡಿಸಿದಳು. ಬೀಗರು ಅದರ ಮೇಲೆ ಹುಚ್ಚೆಳ್ಳು ಪುಡಿ ಉದುರಿಸಿ ಕಲಸಿದರು. ಹ್ವಾ ಒಂದು ಚಿಟಿಕೆ ನೆಕ್ಕಿ ನೋಡಿದಳು, ಆಮೇಲೆ ಡಬ್ಬಿಯನ್ನೇ ಒಳಗೆ ತೆಗೆದುಕೊಂಡು ಹೋದಳು. ಮತ್ತೆ ಅದು ನಮ್ಮ ಕೈಗೆ ಬರಲಿಲ್ಲ. ಮಲಗುವ ಮೊದಲು, ದಾರಿಯಲ್ಲಿ ಜನ "ಕೋ ಲೆನ್" ಎಂದು ಕೂಗುತ್ತಾರೆ, ಬಿಡಬೇಡಿ, ಇನ್ನೂ ಜೋರು ಎಂದು ಅದರ ಅರ್ಥ ಎಂದು ಹೇಳಿಕೊಟ್ಟಳು.

ಭಾನುವಾರ, ಸೇತುವೆಯವರೆಗೆ

ಐದು ಗಂಟೆಗೆ ಓಟ ಶುರು, ಅಲ್ಲೂ ಮೂರು ಗಂಟೆಯೊಳಗೇ ಮುಗಿಸಬೇಕು. ಸಮುದ್ರದ ಮೇಲೆ ಆಗಲೇ ಬೆಳಕು ಬಿದ್ದಿತ್ತು. ಬೀಗರು ತಲೆಗೆ ಕೆಂಪು ಚೌಕಳಿಯ ಟವಲು ಸುತ್ತಿದ್ದರು. ಗುಲಾಬಿ ಕೀಳಲು ಹೋಗುವಾಗ ಸುತ್ತುವ ಅದೇ ಟವಲು. ಸುತ್ತಲಿನ ಹುಡುಗ ಹುಡುಗಿಯರು ಬಂದು ಅವರ ಜೊತೆ ಫೋಟೊ ತೆಗೆಸಿಕೊಂಡರು. ಬೀಗರು ಪ್ರತಿ ಫೋಟೊಗೂ ನನ್ನನ್ನು ಎಳೆದು ನಡುವೆ ನಿಲ್ಲಿಸಲು ನೋಡಿದರು, ನಾನು ಪ್ರತಿ ಸಲವೂ ಪಕ್ಕಕ್ಕೆ ಸರಿದೆ.

ಸೀಟಿ ಊದಿದರು. ಓಡಿದೆವು. ಎಂದಿನಂತೆ ನಾನು ಒಂದು ಹೆಜ್ಜೆ ಹಿಂದೆ.

ಮೊದಲ ಮೂರು ಕಿಲೋಮೀಟರು ದಂಡೆಯ ಪಕ್ಕದ ರಸ್ತೆ. ಸಮುದ್ರದಲ್ಲಿ ಊರಿಗೆ ಊರೇ ಕುತ್ತಿಗೆವರೆಗೆ ಮುಳುಗಿ ನಿಂತಿತ್ತು. ಅಲ್ಲಿಯವರು ಬಿಸಿಲು ಏರುವ ಮೊದಲೇ ಸ್ನಾನಕ್ಕೆ ಇಳಿಯುತ್ತಾರೆ. ನೀರಿನಲ್ಲೇ ನಿಂತು ಹರಟುತ್ತಾರೆ. ಬೀಗರು ಓಡುತ್ತ ಓಡುತ್ತ ಅವರಿಗೆಲ್ಲ ಕೈ ಬೀಸಿದರು. ಅವರೂ ಬೀಸಿದರು. ಒಬ್ಬ ಮುದುಕನಿಗೆ ಇವರು ನಿಂತೇ ಕೈ ಬೀಸಿದರು. ನಾನೂ ನಿಂತೆ.

ನೀರಿನ ಮೊದಲ ಮೇಜಿನಲ್ಲಿ, "ತಗೊಳಿ ಬೀಗ್ರೇ." "ನೀವು ತಗೊಳಿ." "ನೀವು ಮೊದ್ಲು." ನೀರು ಕೊಡುವ ಹುಡುಗಿ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದಳು. ಎರಡನೆಯ ಮೇಜಿನಲ್ಲೂ ಅದೇ. ಮೂರನೆಯ ಮೇಜಿನಲ್ಲಿದ್ದ ಒಬ್ಬ ದಪ್ಪ ಮನುಷ್ಯನಿಗೆ ತಾಳ್ಮೆ ಕಡಿಮೆ. ಎರಡು ಸಲ ನೋಡಿ, ಎರಡು ಲೋಟವನ್ನೂ ನಮ್ಮ ನೆತ್ತಿಯ ಮೇಲೆ ಸುರಿದುಬಿಟ್ಟ. ಒಳ್ಳೆಯದೇ ಆಯಿತು, ಸೆಕೆಯಿತ್ತು.

ಒಂಬತ್ತನೆಯ ಕಿಲೋಮೀಟರಿನಲ್ಲಿ ಸೇತುವೆ ಶುರುವಾಗುತ್ತದೆ. ನಮ್ಮ ಕೆರೆ ಏರಿಯನ್ನು ಎರಡರಷ್ಟು ಎಳೆದು ಹಿನ್ನೀರಿನ ಮೇಲೆ ನಿಲ್ಲಿಸಿದ ಹಾಗೆ, ಅಷ್ಟುದ್ದ. ಅದರ ಬುಡದಲ್ಲಿ ನಾನು ಗಡಿಯಾರ ನೋಡಿದೆ. ಒಂದು ಗಂಟೆ ಇಪ್ಪತ್ತು ನಿಮಿಷ. ಲೆಕ್ಕದ ಮೇಷ್ಟ್ರ ತಲೆ ಕೇಳಬೇಕೇ, ತಾನಾಗಿ ಗುಣಿಸಿತು. ಹೀಗೇ ಹೋದರೆ ಮೂರು ಗಂಟೆ ಏಳು ನಿಮಿಷ. ಏಳು ನಿಮಿಷಕ್ಕೆ ಮತ್ತೆ ವ್ಯಾನು, ಮತ್ತೆ "ಪೂರ್ಣಗೊಳಿಸಿಲ್ಲ", ಆಮೇಲೆ ಅಟ್ಟ.

ಬೀಗರಿಗೆ ಬೇಗ ಓಡಿ ಎನ್ನಲು ಬಾಯಿ ಬರುವುದಿಲ್ಲ. ಹೆಣ್ಣು ಕೊಟ್ಟವನು ಬೀಗರಿಗೆ ಬೇಗ ಊಟ ಮಾಡಿ ಎನ್ನುತ್ತಾನೆಯೇ? ಬಿಟ್ಟು ಹೋಗಲಂತೂ ಆಗದು. ಆದರೆ ಗೆರೆ ದಾಟದೆ ಮನೆಗೆ ಹೋಗಲು ನನಗೆ ನಿಜವಾಗಿ ಮನಸ್ಸಿರಲಿಲ್ಲ. ನೂರು ಹೆಜ್ಜೆ ಹೀಗೆ ಒದ್ದಾಡಿ, ಕಣ್ಣು ಮುಚ್ಚಿಕೊಂಡು ಕೇಳಿಯೇಬಿಟ್ಟೆ.

"ಬೀಗ್ರೇ, ತಪ್ಪು ತಿಳ್ಕೋಬೇಡಿ. ಹೊತ್ತು ಮೀರ್ತಿದೆ. ನಾನು... ಸ್ವಲ್ಪ ಮುಂದೆ ಹೋಗ್ಲಾ?"

ಬೀಗರು ಗಕ್ಕನೆ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹೋಗ್ತೀರಾ?" ಎಂದರು. ಮುಖವೆಲ್ಲ ಅರಳಿಹೋಗಿತ್ತು. "ಅಯ್ಯೋ, ಹೋಗಿ ಹೋಗಿ! ನೀವು ಹಿಂದ್ಗಡೆ ನಿಧಾನಕ್ಕೆ ಬರ್ತಾ ಇದ್ರಲ್ಲ, ಹೆಣ್ಣು ಕೊಟ್ಟೋರ್ನ ಬಿಟ್ಟು ಹೆಂಗೆ ಓಡೋದು ಅಂತ ಎರಡು ವರ್ಷದಿಂದ ಕಾಲು ಕಟ್ಕೊಂಡು ಓಡ್ತಿದೀನಿ ಕಣ್ರೀ. ಏರಿ ಮೇಲೆ ಸುಮ್ಸುಮ್ನೆ ನಿಂತ್ಕೊಂಡು ಹಸು ವಿಚಾರ ಮಾತಾಡ್ತಿದ್ದಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಗೆ ಉಸ್ರು ಬರ್ಲಿ ಅಂತ!"

ನನಗೆ ಆ ಮಾತು ಪೂರ್ತಿ ಒಳಗಿಳಿಯಲಿಲ್ಲ. ಪಾಪ, ಮರ್ಯಾದೆಗೆ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ. "ಸರಿ ಹಂಗಾದ್ರೆ, ಬರ್ತೀನಿ" ಎಂದು ಎದೆ ಮುಂದೆ ಮಾಡಿ ಹೊರಟೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಆಹಾ ಅನ್ನಿಸಿತು.

ನಲವತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಹಿಂದಿನಿಂದ ದಪದಪ ಸದ್ದು. ಬಲಗಡೆಯಿಂದ ಕೆಂಪು ಟವಲು ಹಾದುಹೋಯಿತು. "ಬರ್ತೀನಿ ಬೀಗ್ರೇ, ನಿಧಾನಕ್ಕೆ ಬನ್ನಿ!" ಎಂದರು. ಅಷ್ಟೇ. ಹಗ್ಗ ಬಿಚ್ಚಿದ ಹೋರಿಯ ಹಾಗೆ ಹೋದರು. ಮುಂದಿದ್ದ ಹುಡುಗರನ್ನು ಒಬ್ಬೊಬ್ಬರನ್ನಾಗಿ ದಾಟುತ್ತ, ಸೇತುವೆಯ ಉಬ್ಬಿನ ಮೇಲೆ ಒಂದು ಕೆಂಪು ಚುಕ್ಕೆಯಾಗಿ, ಆಚೆ ಇಳಿದು ಕಣ್ಮರೆಯಾದರು.

ನಾನು ಬಾಯಿಬಿಟ್ಟುಕೊಂಡು ನೋಡಿದೆ. ಎರಡು ವರ್ಷ ಉಸಿರು ಸಾಲದೆ ಇದ್ದದ್ದು ನನಗೆ. ತಡ ಮಾಡಿದ್ದು ನಾನು. ಅವರನ್ನು ವ್ಯಾನಿಗೆ ಹತ್ತಿಸಿದ್ದೂ ನಾನೇ. ಸಾವಿತ್ರಿಯ ಮುಂದೆ ಕೊಚ್ಚಿಕೊಂಡದ್ದು ನೆನಪಾಗಿ, ಅಷ್ಟು ದೂರದ ಆ ಸೇತುವೆಯ ಮೇಲೆ, ನನ್ನನ್ನು ಯಾರೂ ಅರಿಯದ ಕಡೆ, ನನಗೆ ಕೆಟ್ಟ ನಾಚಿಕೆಯಾಯಿತು.

ವ್ಯಾನು

ನಾಚಿಕೆಯಿಂದ ಒಂದು ಉಪಯೋಗವಿದೆ. ಕಾಲು ಚುರುಕಾಗುತ್ತದೆ.

ನನಗೆ ಉಳಿದದ್ದು ನೂರು ನಿಮಿಷ, ಹನ್ನೆರಡು ಕಿಲೋಮೀಟರು. ಓಡುವ ಶಕ್ತಿ ಇಲ್ಲದಿದ್ದರೂ ಲೆಕ್ಕ ಮಾಡುವ ಶಕ್ತಿ ಇತ್ತಲ್ಲ. ಮೂರು ದೀಪದ ಕಂಬ ಓಡುವುದು, ಒಂದು ಕಂಬ ನಡೆಯುವುದು. ಯಾರಿಗೂ ಕೈ ಬೀಸುವಂತಿಲ್ಲ. ನೀರಿನ ಮೇಜು ಬಂದರೆ ಲೋಟ ಕಿತ್ತುಕೊಂಡು ಕುಡಿದು ನಡೆ. ಮೊದಲ ಸಲ ಯಾರಿಗೂ "ನೀವು ಮೊದಲು" ಎನ್ನದೆ ನೀರು ಕುಡಿದಾಗ, ಕಳ್ಳತನ ಮಾಡಿದ ಹಾಗೆ ಸುತ್ತ ನೋಡಿದೆ. ಯಾರೂ ನೋಡುತ್ತಿರಲಿಲ್ಲ.

ಸೇತುವೆ ದಾಟಿ, ಆಚೆ ತಿರುವು ಹಾಕಿ, ಮತ್ತೆ ಅದೇ ಸೇತುವೆಯ ಮೇಲೆ ಬರಬೇಕು. ವಾಪಸು ಬರುವಾಗ ಗಾಳಿ ಎದುರು. ಬಿಸಿಲು ನಮ್ಮ ಏಪ್ರಿಲಿನ ಬಿಸಿಲಿನ ಹಾಗಲ್ಲ, ಒದ್ದೆ ಬಿಸಿಲು. ಬೆವರು ಆರುವುದೇ ಇಲ್ಲ, ಅಂಗಿ ಮೈಗಂಟಿದ್ದು ಬಿಡುವುದಿಲ್ಲ. ಹದಿನೈದಾದ ಮೇಲೆ ಎಡ ಮೊಣಕಾಲು ತನ್ನ ಪಾಡಿಗೆ ತಾನು ಏನೋ ಹೇಳತೊಡಗಿತು. ದಾರಿ ಬದಿಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಬುಟ್ಟಿ ಬಡಿದು "ಕೋ ಲೆನ್, ಕೋ ಲೆನ್!" ಎಂದು ಕೂಗಿದರು. ಗುರುತು ಪರಿಚಯವಿಲ್ಲದ ಹೆಂಗಸರು. ನಮ್ಮೂರಲ್ಲಿ ನಾನು ಓಡಿದರೆ "ಯಾಕ್ ಮೇಷ್ಟ್ರೇ, ಬಸ್ ಹೋಯ್ತಾ?" ಎನ್ನುತ್ತಾರೆ.

ಹದಿನೆಂಟನೆಯ ಕಿಲೋಮೀಟರು. ಪಕ್ಕದಲ್ಲಿ ಮೆಲ್ಲಗೆ ಏನೋ ಬಂದು ನಿಂತ ಹಾಗಾಯಿತು. ವ್ಯಾನು. ಅಲ್ಲೂ ಬಿಳಿಯದೇ.

ಬಾಗಿಲು ತೆರೆದುಕೊಂಡಿತು. ಒಳಗಿನಿಂದ ತಣ್ಣನೆಯ ಗಾಳಿ ಬಂತು. ನಾಲ್ಕೈದು ಜನ ಬಾಳೆಹಣ್ಣು ತಿನ್ನುತ್ತ ಆರಾಮವಾಗಿ ಕೂತಿದ್ದರು. ಮುಂದೆ ಕೂತಿದ್ದವನು ಮದುವೆ ಮನೆಗೆ ಕರೆಯುವ ಹಾಗೆ ನಗುತ್ತ ಕೈ ಮಾಡಿ ಕರೆದ. ಗಡಿಯಾರದ ಪ್ರಕಾರ ನನಗಿನ್ನೂ ಹೊತ್ತಿತ್ತು, ಎರಡು ಗಂಟೆ ಮೂವತ್ತನಾಲ್ಕು ನಿಮಿಷ. ನನ್ನ ಮುಖ ನೋಡಿ ಅವನಿಗೆ ಕರುಣೆ ಬಂದಿರಬೇಕು.

ಕರೆದವರಿಗೆ ಇಲ್ಲ ಎನ್ನುವುದು ನನಗೆ ಹುಟ್ಟಿನಿಂದ ಬಾರದು. ಕೈ ತಾನಾಗಿ ಹೋಗಿ ವ್ಯಾನಿನ ಬಾಗಿಲು ಹಿಡಿಯಿತು. ಬಲಗಾಲು ಮೆಟ್ಟಿಲ ಮೇಲಿಟ್ಟೆ. ನಿಜ ಹೇಳುತ್ತೇನೆ, ಇಟ್ಟೆ. ಆ ತಂಪು ಮೊಣಕಾಲಿಗೆ ತಾಗಿ ಕಣ್ಣು ಮುಚ್ಚಿಹೋಯಿತು.

ಆದರೆ ಹತ್ತಲು ಈ ಸಲ ನನಗೆ ನೆಪವೇ ಇರಲಿಲ್ಲ. ಬೆಂಗಳೂರಿನಲ್ಲಿ ಬೀಗರ ಜೊತೆ ಹತ್ತಿದೆ, ಬೀಗರಿಗೋಸ್ಕರ ಹತ್ತಿದೆ ಎಂದುಕೊಂಡಿದ್ದೆ. ಈಗ ಹತ್ತಿದರೆ ಹತ್ತಿದವನು ನಾನೊಬ್ಬನೇ.

ಕಾಲು ತೆಗೆದೆ. ಅವನ ಕಡೆ ನೋಡಿ, ಅಚ್ಚ ಕನ್ನಡದಲ್ಲಿ, "ಬರಲ್ಲಪ್ಪ, ನೀವು ಹೋಗಿ" ಎಂದೆ. ಹಾಗೆ ಯಾರಿಗಾದರೂ ಮುಖಕ್ಕೆ ಹೇಳಿದ್ದು ನನಗೆ ನೆನಪಿಲ್ಲ. ಅವನಿಗೆ ಅರ್ಥವಾಯಿತು. ಬಾಗಿಲು ಹಾಕಿಕೊಂಡು ನನ್ನ ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಮೆಲ್ಲಗೆ ಬರತೊಡಗಿದ. ಹಿಂದೆ ಎಂಜಿನ್ನಿನ ಗುರ್ ಎನ್ನುವ ಸದ್ದು ಕೇಳುತ್ತಿದ್ದರೆ ಮನುಷ್ಯ ಹೇಗೆ ಓಡುತ್ತಾನೆಂದು ಬೇರೆ ಹೇಳಬೇಕಿಲ್ಲ.

ಕೊನೆಯ ಕಿಲೋಮೀಟರಿನಲ್ಲಿ ಕಂಬಗಳ ಲೆಕ್ಕ ತಪ್ಪಿತು. ಹತ್ತನೆಯ ತರಗತಿಗೆ ಮಗ್ಗಿ ಹೇಳಿಸುವ ಹಾಗೆ ಜೋರಾಗಿ ಹತ್ತೊಂಬತ್ತರ ಮಗ್ಗಿ ಹೇಳುತ್ತ ಓಡಿದೆ. ಹತ್ತೊಂಬತ್ತೆಂಟ್ಲೆ ನೂರ ಐವತ್ತೆರಡು ಎನ್ನುವಾಗ ದಂಡೆಯ ಬಾವುಟಗಳು ಕಂಡವು. ಗೆರೆಯ ಮೇಲಿನ ದೊಡ್ಡ ಗಡಿಯಾರ ಎರಡು ಗಂಟೆ ಐವತ್ತೆಂಟು ನಿಮಿಷ ತೋರಿಸುತ್ತಿತ್ತು. ದಾಟಿದೆ. ಒಬ್ಬ ಹುಡುಗಿ ಕೊರಳಿಗೆ ಮೆಡಲು ಹಾಕಿದಳು. ನಾನು ಅಲ್ಲೇ ರಸ್ತೆಯ ಮೇಲೆ ಕಾಲು ಚಾಚಿ ಕೂತು ಗೊಳೋ ಎಂದು ಅತ್ತೆ. ಹ್ವಾ ಎಲ್ಲಿದ್ದಳೋ, ಜನರನ್ನು ತಳ್ಳಿಕೊಂಡು ಬಂದು ತನ್ನ ಟೊಪ್ಪಿಯಿಂದ ಗಾಳಿ ಬೀಸಿದಳು.

ಗೆರೆಯ ಆಚೆ

ಬೀಗರು ನನಗಾಗಿ ಗೆರೆಯ ಹತ್ತಿರ ಕಾದಿರಲಿಲ್ಲ. ಇಪ್ಪತ್ತೆರಡು ನಿಮಿಷ ಮೊದಲೇ ಬಂದು, ಮೆಡಲು ಹಾಕಿಕೊಂಡು, ಎಳನೀರು ಕುಡಿದು, ಇನ್ನೊಂದು ಕೆತ್ತಿಸುತ್ತಿದ್ದರು. ನನ್ನನ್ನು ಕಂಡದ್ದೇ ಎಳನೀರನ್ನು ಅಲ್ಲೇ ಬಿಟ್ಟು ಓಡಿಬಂದರು.

"ತಪ್ಪಾಯ್ತು ಬೀಗ್ರೇ. ಬಿಟ್ಟು ಬಂದ್ಬಿಟ್ಟೆ. ಕಾಲು ಬಿಟ್ಟ ಮೇಲೆ ನಿಲ್ಸಕ್ಕೇ ಆಗ್ಲಿಲ್ಲ" ಎಂದರು. ಅವರ ಕಣ್ಣಿನಲ್ಲೂ ನೀರಿತ್ತು. ಅವರ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ಫೋನು ಬಂತು. ನಮ್ಮಲ್ಲಿ ಆಗಿನ್ನೂ ಬೆಳಿಗ್ಗೆ ಆರೂವರೆ. ಆ ಭಾನುವಾರ ಸಾವಿತ್ರಿಯೂ ಬೀಗಿತ್ತಿಯೂ ಹೊಸಕೋಟೆಯಲ್ಲಿ ಚೈತ್ರಾಳ ಮನೆಯಲ್ಲಿದ್ದರು. ಒಂದೇ ಮೊಬೈಲಿನ ಪರದೆಯಲ್ಲಿ ಮೂವರ ಮುಖವೂ ಒತ್ತಿಕೊಂಡು ಕೂತಿತ್ತು.

"ಏನಾಯ್ತು ಮಾವ? ಇಬ್ರೂ ಹೆಂಗಿದೀರಾ?" ಎಂದಳು ಚೈತ್ರಾ.

ಬೀಗರು ಮೆಡಲು ಎತ್ತಿ ತೋರಿಸಿದರು. ನನ್ನ ಮುಖ ಒಮ್ಮೆ ನೋಡಿದರು. "ಇಬ್ರೂ ಮುಗ್ಸಿದ್ವಿ ಕಣಮ್ಮ. ಜೊತ್ಜೊತೆಗೇ ಬಂದ್ವಿ, ಭುಜಕ್ಕೆ ಭುಜ ಕೊಟ್ಕೊಂಡು" ಎಂದರು. ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ಹೆಣ್ಣು ಕೊಟ್ಟವನಿಗೆ ಗಂಡಿನ ಕಡೆಯವರು ಕೊಡಬಹುದಾದ ದೊಡ್ಡ ಮರ್ಯಾದೆ. ನಾನು ಸುಮ್ಮನಿದ್ದಿದ್ದರೆ ಅದೇ ಎರಡೂ ಊರಿನ ಇತಿಹಾಸವಾಗುತ್ತಿತ್ತು.

ಫೋನು ಕಿತ್ತುಕೊಂಡೆ. "ಸುಳ್ಳು! ನಿಮ್ಮ ಮಾವ ನನಗಿಂತ ಇಪ್ಪತ್ತೆರಡು ನಿಮಿಷ ಮೊದ್ಲು ಬಂದ್ರು. ಹುಡುಗ್ರನ್ನೆಲ್ಲ ಹಿಂದೆ ಹಾಕ್ಬಿಟ್ರು. ನಾನೊಬ್ನೇ ಹಿಂದೆ, ನನ್ನ ಬೆನ್ನಿಗೆ ವ್ಯಾನು. ನಂದು ಎರಡು ಗಂಟೆ ಐವತ್ತೆಂಟು ನಿಮಿಷ. ಸಾವಿತ್ರಿ, ಕೇಳಿಸ್ತಾ? ಐವತ್ತೆಂಟು. ಅದು ನಂದು."

ಆ ಕಡೆಯಿಂದ ಬೀಗಿತ್ತಿಯ ದನಿ ಸಿಡಿಯಿತು. ಬೀಗರು ಎರಡು ಹೆಜ್ಜೆ ಹಿಂದೆ ಸರಿದರು.

"ಏನಂದ್ರಿ? ಹೆಣ್ಣು ಕೊಟ್ಟೋರ್ನ ಪರದೇಶದಲ್ಲಿ, ನಡುರೋಡಲ್ಲಿ, ಒಬ್ರನ್ನೇ ಬಿಟ್ಟು ಓಡೋದ್ರಾ? ಮನುಷ್ಯರಾ ನೀವು? ಬನ್ನಿ, ಮನೆಗೆ ಬನ್ನಿ, ಹೇಳ್ತೀನಿ!"

"ಅಮ್ಮಾ, ಬೈಬೇಡಿ ಅವರ್ನ" ಎಂದೆ. "ಬಿಟ್ಟು ಹೋದ್ರು ಅಂತಲೇ ನಾನು ಇಲ್ಲಿಗೆ ಮುಟ್ಟಿದ್ದು."